ಎತ್ತರದ ಗಾಡಿ, ತಗ್ಗಿನ ಲೆಕ್ಕ

ಮಲೆನಾಡಿನ ಮನೆಯಂಗಳಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸ ಬಗೆಯ ವಾಹನವೊಂದು ಬಂದು ನಿಂತಿದೆ. ಎತ್ತರದ ಮೈ, ಅಗಲವಾದ ಮೂತಿ, ಚಕ್ರಗಳ ಸುತ್ತ ಕಪ್ಪು ಪ್ಲಾಸ್ಟಿಕ್ಕಿನ ಅಂಚು, ನೆತ್ತಿಯ ಮೇಲೆ ಬೆಳ್ಳಿಬಣ್ಣದ ಎರಡು ಕಂಬಿ. ವ್ಯಾಪಾರದ ಭಾಷೆಯಲ್ಲಿ ಇದಕ್ಕೆ ‘ಕ್ರಾಸ್‌ಓವರ್ ಎಸ್‌ಯುವಿ’ ಎಂದು ಹೆಸರು. ಜಾಹೀರಾತಿನಲ್ಲಿ ಅದು ಹೊಳೆಯನ್ನು ಸೀಳಿಕೊಂಡು ಹೋಗುತ್ತದೆ, ಗುಡ್ಡದ ನೆತ್ತಿಯಲ್ಲಿ ನಿಂತು ಸೂರ್ಯಾಸ್ತವನ್ನು ನೋಡುತ್ತದೆ. ನಮ್ಮ ಊರುಗಳಲ್ಲಿ ಅದು ಮಾಡುವ ಕೆಲಸವೇ ಬೇರೆ: ಸೊಸೈಟಿಗೆ ಹೋಗಿಬರುವುದು, ಮದುವೆಮನೆಗೆ ಹೋಗಿಬರುವುದು, ಮಳೆಗಾಲದಲ್ಲಿ ಕೊಟ್ಟಿಗೆಯ ಪಕ್ಕದ ಮಾಡಿನಡಿಯಲ್ಲಿ ಪಾಚಿ ಹಿಡಿಸಿಕೊಳ್ಳುವುದು.

ಈ ವಾಹನ ಮಲೆನಾಡಿಗಾಗಿ ಹುಟ್ಟಿದ್ದಲ್ಲ. ತೆರಿಗೆಯ ನಿಯಮ ಮತ್ತು ಪೇಟೆಯ ಪ್ರತಿಷ್ಠೆ ಎರಡೂ ಸೇರಿ ಅದನ್ನು ರೂಪಿಸಿವೆ. ಅದರ ಬೆಲೆಯನ್ನು ಮಾತ್ರ ನಮ್ಮ ತೋಟ, ನಮ್ಮ ಗುಡ್ಡ ಮತ್ತು ನಮ್ಮ ಬಸ್ಸುಗಳು ತೆರುತ್ತಿವೆ. ಇದು ‘ವಾಹನವೇ ಬೇಡ’ ಎಂಬ ಉಪದೇಶವಲ್ಲ. ನಡುರಾತ್ರಿ ಎದೆನೋವು ಬಂದರೆ 30 ಕಿಲೋಮೀಟರ್ ದೂರದ ಆಸ್ಪತ್ರೆಗೆ ಸೈಕಲ್ಲಿನಲ್ಲಿ ಹೋಗಿರೆಂದು ಹೇಳುವ ಹಕ್ಕು ಯಾವ ಪರಿಸರವಾದಿಗೂ ಇಲ್ಲ. ಆದರೆ ಅಗತ್ಯದ ಹೆಸರಿನಲ್ಲಿ ನಮಗೆ ಮಾರುತ್ತಿರುವುದು ಅಗತ್ಯವನ್ನೇ ಅಥವಾ ಬೇರೇನನ್ನೋ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ.

ಕಾಡಿನ ವೇಷ, ಪೇಟೆಯ ದೇಹ

ನಮ್ಮ ಹಿರಿಯರು ಬಳಸಿದ ಜೀಪಿಗೆ ಉಕ್ಕಿನ ಏಣಿಯಂಥ ಚೌಕಟ್ಟಿತ್ತು. ಅದರ ಮೇಲೆ ಮೈಯನ್ನು ಬೇರೆಯಾಗಿ ಕೂರಿಸುತ್ತಿದ್ದರು. ಕೆಸರಿನ ಏರು ಎದುರಾದರೆ ನಾಲ್ಕೂ ಚಕ್ರಗಳಿಗೆ ಎಳೆತ ಕೊಡುವ ವ್ಯವಸ್ಥೆಯುಳ್ಳ ಜೀಪುಗಳಿದ್ದವು. ಕ್ರಾಸ್‌ಓವರಿಗೆ ಈ ಚೌಕಟ್ಟಿಲ್ಲ. ಸಾಧಾರಣ ಕಾರಿನಂತೆಯೇ ಮೈ ಮತ್ತು ಬುಡ ಒಂದೇ ಎರಕ. ಬಹುಪಾಲು ಮಾದರಿಗಳಲ್ಲಿ ಎಂಜಿನ್ನಿನ ಬಲ ಮುಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲೊಂದು ಕ್ಷಣ ಯೋಚಿಸಬೇಕು. ಕಡಿದಾದ ಏರಿನಲ್ಲಿ ವಾಹನದ ಭಾರ ಹಿಂದಿನ ಚಕ್ರಗಳತ್ತ ಸರಿಯುತ್ತದೆ. ಎಳೆಯಬೇಕಾದ ಮುಂದಿನ ಚಕ್ರಗಳು ಹಗುರಾಗುತ್ತವೆ. ಜಡಿಮಳೆಯಲ್ಲಿ ನೆನೆದ ಕೆಮ್ಮಣ್ಣಿನ ಮೇಲೆ ಹಗುರಾದ ಚಕ್ರಕ್ಕೆ ಹಿಡಿತ ಸಿಗದು. ಅದು ನಿಂತಲ್ಲಿಯೇ ತಿರುಗುತ್ತದೆ. ಅಂದರೆ ಯಾವ ಜಾಗಕ್ಕೆ ಬೇಕೆಂದು ನಾವು ಈ ಗಾಡಿಯನ್ನು ಕೊಳ್ಳುತ್ತೇವೆಯೋ ಆ ಜಾಗದಲ್ಲಿಯೇ ಅದು ದುರ್ಬಲ. ನೆಲದಿಂದ ಬುಡದವರೆಗಿನ ಎತ್ತರ ಸಾಮಾನ್ಯ ಸಣ್ಣ ಕಾರಿನಲ್ಲಿ ಸುಮಾರು 165 ಮಿಲಿಮೀಟರ್ ಇದ್ದರೆ, ಇದರಲ್ಲಿ 190ರ ಆಸುಪಾಸು. ವ್ಯತ್ಯಾಸ ಒಂದೆರಡು ಬೆರಳಿನಷ್ಟು. ಆ ಎರಡು ಬೆರಳಿನಿಂದ ಹೊಂಡದ ರಸ್ತೆಯಲ್ಲಿ ಅನುಕೂಲವಿದೆ, ಅಲ್ಲಗಳೆಯುವುದಿಲ್ಲ. ಪ್ರಶ್ನೆ ಇರುವುದು ಅದಕ್ಕೆ ಕೊಡುವ ಬೆಲೆಯ ಬಗ್ಗೆ.

ಈ ಆಕಾರಕ್ಕೆ ಮೂಲ ಗುಡ್ಡವಲ್ಲ, ಸರಕಾರದ ಕಡತ. 2006ರ ಕೇಂದ್ರ ಮುಂಗಡಪತ್ರವು ನಾಲ್ಕು ಮೀಟರಿನೊಳಗಿನ, ಸಣ್ಣ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕವನ್ನು ಇಳಿಸಿತು. ಕಂಪನಿಗಳು ಎತ್ತರದ ಗಾಡಿಯನ್ನೇ ನಾಲ್ಕು ಮೀಟರಿಗೆ ಕತ್ತರಿಸತೊಡಗಿದವು. 2013ರಲ್ಲಿ ಬಂದ ಫೋರ್ಡ್ ಇಕೋಸ್ಪೋರ್ಟಿನ ಉದ್ದ 3999 ಮಿಲಿಮೀಟರ್. 2016ರ ಮಾರುತಿ ವಿಟಾರ ಬ್ರೆಝಾದ ಉದ್ದ 3995. ಯಾವ ಘಟ್ಟದ ತಿರುವು ಈ ಅಳತೆಯನ್ನು ಕೇಳಿತ್ತು? ಇಂದಿಗೂ ಅದೇ ಗೆರೆ ಉಳಿದಿದೆ: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ ಶೇ 18 ಜಿಎಸ್‌ಟಿ, ನಾಲ್ಕು ಮೀಟರ್ ಮೀರಿದವಕ್ಕೆ ಶೇ 40.

ಅಡಿಕೆಯ ಲೆಕ್ಕದಲ್ಲಿ

ಬೆಲೆಯನ್ನು ರೂಪಾಯಿಯಲ್ಲಿ ಕೇಳಿದರೆ ನಮಗೆ ನೋವಾಗುವುದಿಲ್ಲ. ಕ್ವಿಂಟಾಲಿನಲ್ಲಿ ಕೇಳಿದರೆ ಆಗುತ್ತದೆ. ಉದಾಹರಣೆಗೆ ನಾಲ್ಕು ಮೀಟರಿಗಿಂತ ಉದ್ದದ, ಎಕ್ಸ್-ಶೋರೂಂ ಬೆಲೆ 13 ಲಕ್ಷ ರೂಪಾಯಿಯ ಪೆಟ್ರೋಲ್ ಕ್ರಾಸ್‌ಓವರ್ ಒಂದನ್ನು ತೆಗೆದುಕೊಳ್ಳೋಣ. ಕರ್ನಾಟಕದಲ್ಲಿ 10ರಿಂದ 20 ಲಕ್ಷದೊಳಗಿನ ಕಾರಿಗೆ ಜೀವಾವಧಿ ತೆರಿಗೆ ಶೇ 17, ಆ ತೆರಿಗೆಯ ಮೇಲೆ ಶೇ 11 ಉಪಕರ. ಒಟ್ಟು 2,45,310 ರೂಪಾಯಿ. ಮೊದಲ ವಿಮೆಗೆ 50,000, ಅಲಂಕಾರ ಮತ್ತು ಹೆಚ್ಚುವರಿ ಖಾತರಿಗೆ 40,000 ಎಂದಿಟ್ಟುಕೊಳ್ಳಿ. ಬೆಲೆ 10 ಲಕ್ಷ ಮೀರಿದ್ದರಿಂದ ಶೇ 1ರಂತೆ 13,000 ಆದಾಯ ತೆರಿಗೆಯ ಮುಂಗಡ. ಗಾಡಿ ಅಂಗಳಕ್ಕೆ ಬರುವಾಗ ಸುಮಾರು 16.5 ಲಕ್ಷ.

ಕೆಂಪಡಿಕೆಯ ಧಾರಣೆ ಕ್ವಿಂಟಾಲಿಗೆ 50,000 ರೂಪಾಯಿ ಎಂದು ಹಿಡಿದರೆ ಇದು 33 ಕ್ವಿಂಟಾಲ್. 2.7 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 550 ಮರ, ಎಕರೆಗೆ 8 ಕ್ವಿಂಟಾಲ್ ಇಳುವರಿ ಎಂದುಕೊಂಡರೆ, ಎರಡು ಎಕರೆಯ ರೈತನ ಎರಡು ವರ್ಷದ ಇಡೀ ಫಸಲು. ಕೊಯ್ಲು, ಸುಲಿತ, ಬೋರ್ಡೋ, ಗೊಬ್ಬರಗಳಿಗೆ ಅರ್ಧ ಕಳೆದರೆ ನಾಲ್ಕು ವರ್ಷದ ಉಳಿತಾಯ. ಮನೆಯ ಊಟ, ಮಕ್ಕಳ ಶುಲ್ಕ, ಅಮ್ಮನ ಔಷಧ ಯಾವುದೂ ಈ ಲೆಕ್ಕದಲ್ಲಿ ಇಲ್ಲ.

ಆದ್ದರಿಂದ ಸಾಲ. 10 ಲಕ್ಷವನ್ನು ಶೇ 9.5ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 21,000. ನಮ್ಮ ಆದಾಯ ವರ್ಷಕ್ಕೊಮ್ಮೆ ಬರುತ್ತದೆ, ಅದೂ ಮಳೆ ಬಿಟ್ಟುಕೊಟ್ಟರೆ. ಎಲೆಚುಕ್ಕಿ ರೋಗ ತೋಟದಿಂದ ತೋಟಕ್ಕೆ ಹಬ್ಬುತ್ತಿರುವ ಈ ಕಾಲದಲ್ಲಿ ಐದು ವರ್ಷ ಮುಂದಿನ ಇಳುವರಿಯನ್ನು ಹೇಳಲು ಕೃಷಿ ವಿಜ್ಞಾನಿಯಾದ ನನ್ನಿಂದಲೂ ಆಗದು. ಮರಕ್ಕೆ ಕೊಳೆರೋಗ ಬರುತ್ತದೆ, ಕಂತಿಗೆ ಬರುವುದಿಲ್ಲ.

ಇನ್ನು ಸವಕಳಿ. ವಿಮಾ ಕೋಷ್ಟಕದ ಪ್ರಕಾರ ಐದನೆಯ ವರ್ಷ ಮುಗಿಯುವ ಹೊತ್ತಿಗೆ ವಾಹನದ ಮೌಲ್ಯದಲ್ಲಿ ಶೇ 50 ಕಳೆಯುತ್ತದೆ. ಅಡಿಕೆ ಸಸಿ ಫಸಲಿಗೆ ಬರುವುದಕ್ಕೂ ಸರಿಸುಮಾರು ಅಷ್ಟೇ ಕಾಲ ಬೇಕು. ಒಂದೇ ಹಣ, ಒಂದೇ ಅವಧಿ. ಒಂದೆಡೆ ಮರ ಫಲ ಕೊಡಲು ಆರಂಭಿಸುತ್ತದೆ, ಇನ್ನೊಂದೆಡೆ ಗಾಡಿ ಅರ್ಧವಾಗುತ್ತದೆ.

ವರ್ಷಕ್ಕೆ 10,000 ಕಿಲೋಮೀಟರ್ ಓಡಿಸಿದರೆ ಖರ್ಚು ಹೀಗೆ: ಸವಕಳಿ 1.30 ಲಕ್ಷ, ಬಡ್ಡಿ 52,000, ವಿಮೆ 35,000, ಸರ್ವಿಸ್ ಮತ್ತು ಟೈರು 25,000. ಘಟ್ಟದ ರಸ್ತೆಯಲ್ಲಿ ಲೀಟರಿಗೆ 14 ಕಿಲೋಮೀಟರ್, ಲೀಟರಿಗೆ 100 ರೂಪಾಯಿ ಎಂದರೂ ಪೆಟ್ರೋಲಿಗೆ 71,000. ಒಟ್ಟು 3.13 ಲಕ್ಷ, ಕಿಲೋಮೀಟರಿಗೆ 31 ರೂಪಾಯಿ. ಜೀವಾವಧಿ ತೆರಿಗೆಯನ್ನು ಇದಕ್ಕೆ ಸೇರಿಸಿಲ್ಲ. ನಿಮ್ಮ ಊರಿನ ಬಾಡಿಗೆ ಕಾರಿನವರು ಕೇಳುವ ದರವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಮಂಡಿಯ ಗಟ್ಟಿತನ ಮಳಿಗೆಯಲ್ಲೇಕಿಲ್ಲ?

ಇಷ್ಟು ತಿಳಿದೂ ಕೊಳ್ಳಲೇಬೇಕಾದವರು ಇದ್ದಾರೆ. ಅವರಾದರೂ ಮೋಸಹೋಗಬಾರದು. ಮಂಡಿಯಲ್ಲಿ ಕ್ವಿಂಟಾಲಿಗೆ ನೂರು ರೂಪಾಯಿಗಾಗಿ ಅರ್ಧ ದಿನ ಕೂರುವ ನಮ್ಮವರು, ತಣ್ಣನೆಯ ಗಾಜಿನ ಮಳಿಗೆಯಲ್ಲಿ ಕೊಟ್ಟ ಒಂದು ಲೋಟ ಕಾಫಿಗೆ ಸಂಕೋಚಪಟ್ಟು ಸಹಿ ಹಾಕಿಬಿಡುತ್ತಾರೆ. ಚೌಕಾಸಿ ಮಾಡುವುದು ಬಡತನದ ಲಕ್ಷಣವೆಂದು ನಮಗೆ ಯಾರು ಕಲಿಸಿದರು?

ಮೊದಲು ಬೆಲೆಯನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಬೇಕು. ಜಿಎಸ್‌ಟಿ ಮತ್ತು ಜೀವಾವಧಿ ತೆರಿಗೆಗಳಲ್ಲಿ ವ್ಯಾಪಾರಿ ಒಂದು ರೂಪಾಯಿಯನ್ನೂ ಬಿಡಲಾರ. ಬಿಡಬಹುದಾದದ್ದು ಅವನ ಲಾಭಾಂಶ, ಬಿಡಿ ಸಾಮಾನು, ಮತ್ತು ವಿಮೆ ಹಾಗೂ ಸಾಲಗಳಿಂದ ಅವನಿಗೆ ಬರುವ ದಲ್ಲಾಳಿ. ಚೌಕಾಸಿ ಅಲ್ಲಿ ನಡೆಯಬೇಕು. ‘ಹ್ಯಾಂಡ್ಲಿಂಗ್ ಚಾರ್ಜ್’ ಎಂಬ ಸಾಲು ಕಂಡರೆ ಯಾವ ಕಾನೂನಿನಡಿ ಎಂದು ಕೇಳಿರಿ. ಉತ್ತರವಿರುವುದಿಲ್ಲ, ಸಾಲು ಅಳಿಸಿಹೋಗುತ್ತದೆ. ವಿಮೆಯನ್ನು ಅಲ್ಲಿಯೇ ಮಾಡಿಸಬೇಕೆಂಬ ಕಟ್ಟಳೆ ಇಲ್ಲ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಮೂರನೆಯ ವ್ಯಕ್ತಿ ವಿಮೆ ಕಡ್ಡಾಯ. ಸ್ವಂತ ಹಾನಿಯ ವಿಮೆಯನ್ನು ಒಂದು ವರ್ಷಕ್ಕೆ, ಬೇರೆಡೆ ದರ ವಿಚಾರಿಸಿ ಪಡೆಯಬಹುದು.

ಎರಡನೆಯದಾಗಿ, ‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?’ ಎಂಬ ಪ್ರಶ್ನೆಗೆ ಉತ್ತರಿಸಬೇಡಿ. ಅದೇ ಬಲೆ. ಅದೇ 10 ಲಕ್ಷವನ್ನು ಏಳು ವರ್ಷಕ್ಕೆ ಎಳೆದರೆ ಕಂತು 16,340ಕ್ಕೆ ಇಳಿಯುತ್ತದೆ, ಮನಸ್ಸು ಹಗುರಾಗುತ್ತದೆ. ಬಡ್ಡಿ ಮಾತ್ರ 2.60 ಲಕ್ಷದಿಂದ 3.73 ಲಕ್ಷಕ್ಕೆ ಏರುತ್ತದೆ. ಇಪ್ಪತ್ತು ಸಾವಿರದ ರಿಯಾಯಿತಿಗೆ ಹಿಗ್ಗಿ ಒಂದು ಲಕ್ಷಕ್ಕೂ ಮಿಕ್ಕಿ ಕಳೆದುಕೊಂಡವರನ್ನು ನಮ್ಮ ನಡುವೆಯೇ ಕಾಣಬಹುದು.

ಮೂರನೆಯದು ಕಾಲ. ತಿಂಗಳ ಕೊನೆ, ತ್ರೈಮಾಸಿಕದ ಕೊನೆ ಮತ್ತು ಡಿಸೆಂಬರಿನಲ್ಲಿ ಮಾರಾಟದ ಗುರಿ ಮುಟ್ಟುವ ಆತುರ ಅವರದು. ಅಡಿಕೆ ಮಾರಿದ ಮರುದಿನವೇ ಹೋದರೆ ಆತುರ ನಿಮ್ಮದು. ತಯಾರಾದ ತಿಂಗಳನ್ನು ದಾಖಲೆಯಲ್ಲಿ ನೋಡಿ. ಮಳಿಗೆಯಂಗಳದಲ್ಲಿ ಮಳೆ ನೆನೆದ ಹಳೆಯ ದಾಸ್ತಾನಿಗೆ ಹೊಸದರ ಬೆಲೆ ಕೊಡಬೇಡಿ. ಹಳೆಯ ಗಾಡಿಗೆ ಹೊರಗೆ ಎಷ್ಟು ಸಿಗುತ್ತದೆಂದು ವಿಚಾರಿಸದೆ ವಿನಿಮಯಕ್ಕೆ ಒಪ್ಪಬೇಡಿ. ಎರಡು ಮಳಿಗೆಗಳ ದರಪಟ್ಟಿ ಕೈಯಲ್ಲಿದ್ದರೆ ಮೂರನೆಯವರ ಮಾತು ತಾನಾಗಿ ಮೆತ್ತಗಾಗುತ್ತದೆ.

ಮಳೆಗಾಲ ಕೇಳುವ ತೆರಿಗೆ

ಗಾಡಿಯನ್ನು ಕೊಳ್ಳುವುದು ಒಂದು ದಿನದ ಕೆಲಸ, ಇಟ್ಟುಕೊಳ್ಳುವುದು ಹತ್ತು ವರ್ಷದ್ದು. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ನಿಯಮದ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಶೋಧಕವಿದೆ. ಆ ಮಸಿ ಸುಟ್ಟುಹೋಗಲು ಗಾಡಿ ಒಂದೇ ವೇಗದಲ್ಲಿ ಸಾಕಷ್ಟು ಹೊತ್ತು ಓಡಬೇಕು. ಮನೆಯಿಂದ ಸೊಸೈಟಿಗೆ ಐದು ಕಿಲೋಮೀಟರ್ ತೆವಳುವ ನಮ್ಮ ಓಡಾಟದಲ್ಲಿ ಅದು ಕಟ್ಟಿಕೊಳ್ಳುತ್ತದೆ. ಬದಲಿಸುವ ವೆಚ್ಚ ಭಾರಿ. ಹೆದ್ದಾರಿಗೆ ಹೊಂದುವ ಯಂತ್ರವನ್ನು ಓಣಿಗೆ ತಂದ ಫಲವಿದು.

ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದ ದ್ರವ ಘಟ್ಟದ ಇಳಿಜಾರಿನ ಬಿಸಿಗೆ ಬೇಗ ಕುದಿದು ಬ್ರೇಕು ಕೈಕೊಡುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಇಳಿಯುವಾಗ ಏರಿದ ಗೇರಿನಲ್ಲಿಯೇ ಇಳಿಯಬೇಕು. ಗಾಜಿನ ಬುಡದ ತೂಬಿನಲ್ಲಿ ತರಗೆಲೆ ಕಟ್ಟಿಕೊಂಡರೆ ಮಳೆನೀರು ಒಳಗಿಳಿಯುತ್ತದೆ. ಇಲಿ ತಂತಿ ಕಡಿಯುತ್ತದೆ. ಹಳೆಯ ಜೀಪಿನ ತಂತಿಯನ್ನು ಊರಿನ ಮೆಕ್ಯಾನಿಕ್ ಜೋಡಿಸುತ್ತಿದ್ದ. ಇಂದಿನ ಗಾಡಿಗೆ ಜಿಲ್ಲಾ ಕೇಂದ್ರದ ಕಂಪ್ಯೂಟರೇ ಬೇಕು. ಹೀಗೆ ಊರಿನ ಗ್ಯಾರೇಜಿನ ದುಡಿಮೆಯೂ ಪೇಟೆಗೆ ಹೋಯಿತು.

ಮಣ್ಣಿನ ಪರವಾಗಿ ಒಂದೆರಡು ಮಾತು. ಗಾಡಿಯಿಂದ ಇಳಿಸಿದ ಹಳೆಯ ಎಂಜಿನ್ ಎಣ್ಣೆಯನ್ನು ಗೆದ್ದಲಿಗೆಂದು ಬೇಲಿಗೂಟಕ್ಕೆ ಬಳಿಯುವ, ಹಳ್ಳದ ಬದಿಗೆ ಸುರಿಯುವ ರೂಢಿ ನಮ್ಮಲ್ಲಿದೆ. ಅದರಲ್ಲಿ ಸವೆದ ಲೋಹಗಳ ಅಂಶವಿರುತ್ತದೆ. ಮಣ್ಣಿನ ಜೀವಿಗಳಿಗೆ ಅದು ವಿಷ. ರೇಡಿಯೇಟರಿನ ಬಣ್ಣದ ದ್ರವ ಸಿಹಿಯಾಗಿರುವುದರಿಂದ ನಾಯಿ, ದನಗಳು ನೆಕ್ಕಿ ಸಾಯುತ್ತವೆ. ಹೊಳೆಯಲ್ಲಿ ಗಾಡಿ ತೊಳೆಯುವುದನ್ನಂತೂ ಇಂದೇ ನಿಲ್ಲಿಸಬೇಕು. ಕೆಳಗಿನ ಊರಿನವರು ಅದೇ ನೀರನ್ನು ಕುಡಿಯುತ್ತಾರೆ.

ಧರೆ ಕಡಿದು ಬಂದ ದಾರಿ

ಗಾಡಿ ಬಂದಮೇಲೆ ಅಂಗಳದವರೆಗೆ ದಾರಿ ಬೇಕು. ಗಾಡಿಯ ಅಗಲ ಹೆಚ್ಚಿದಷ್ಟೂ ದಾರಿಯ ಅಗಲ ಹೆಚ್ಚುತ್ತದೆ. ಕಾಲುದಾರಿ, ಗಾಡಿದಾರಿಗಳಿದ್ದಲ್ಲಿ ಜೆಸಿಬಿ ಬಂದು ಸೊಪ್ಪಿನಬೆಟ್ಟದ ಬುಡವನ್ನು ಗೋಡೆಯಂತೆ ಕಡಿಯುತ್ತದೆ. ಇಳಿಜಾರು ನಿಂತಿರುವುದು ತನ್ನ ಬುಡದ ಆಧಾರದಿಂದ. ಬುಡವನ್ನು ತೆಗೆದು, ಮೇಲಿನ ನೀರಿಗೆ ಚರಂಡಿ ತೋರಿಸದೆ ಬಿಟ್ಟರೆ, ನೀರು ಕುಡಿದು ಭಾರವಾದ ಮಣ್ಣು ಒಂದು ಆಷಾಢದಲ್ಲಿ ಕೆಳಗಿಳಿಯುತ್ತದೆ. ಕುಸಿದ ಧರೆಯ ಮಣ್ಣು ತೋಟದ ಬಸಿಗಾಲುವೆಯನ್ನು ಮುಚ್ಚುತ್ತದೆ, ಬೇರಿನಲ್ಲಿ ನೀರು ನಿಲ್ಲುತ್ತದೆ. ಮರ ಸೊರಗಿದಾಗ ರೈತ ಔಷಧವನ್ನು ಹುಡುಕುತ್ತಾನೆ. ಕಾರಣ ಅಂಗಳದಲ್ಲಿಯೇ ನಿಂತಿರುತ್ತದೆ.

ಮನೆಯ ಮಟ್ಟದಲ್ಲಿ ನಡೆಯುವುದೇ ಹೆದ್ದಾರಿಯ ಮಟ್ಟದಲ್ಲೂ ನಡೆದಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಅಗಲಗೊಳಿಸಿದ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ಕುಸಿದು ಜನ ಸತ್ತರು. ಶಿರಾಡಿ, ಚಾರ್ಮಾಡಿಗಳ ಕುಸಿತವನ್ನು ಪ್ರತಿ ಮಳೆಗಾಲದಲ್ಲಿ ಓದಿ ನಮಗೆ ಅಭ್ಯಾಸವಾಗಿಬಿಟ್ಟಿದೆ. ಹೆದ್ದಾರಿ ಅಗಲವಾಗುವುದು ಕಾರಿಗಾಗಿ ಮಾತ್ರವಲ್ಲ ಎಂಬುದು ನಿಜ. ಆದರೆ ‘ರಸ್ತೆ ಅಗಲವಾಗಲಿ’ ಎಂದು ಮನವಿ ಕೊಡುವವರ ಸಾಲಿನಲ್ಲಿ ಮೊದಲು ನಿಲ್ಲುವವರು ಯಾರು ಎಂಬುದೂ ನಮಗೆ ತಿಳಿದಿದೆ.

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಕಾರುಗಳಲ್ಲಿ ಶೇ 48 ಎಸ್‌ಯುವಿಗಳು. ಇವೆಲ್ಲ ಒಂದು ದೇಶವಾಗಿದ್ದರೆ ಇಂಗಾಲದ ಡೈಆಕ್ಸೈಡ್ ಉಗುಳುವುದರಲ್ಲಿ ಅದು ಜಗತ್ತಿಗೆ ಐದನೆಯದು. ನಮ್ಮ ದೇಶದಲ್ಲಿ 2023–24ರಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳಲ್ಲಿ ಸುಮಾರು ಶೇ 60 ಇಂಥ ಎತ್ತರದ ಗಾಡಿಗಳು. ವಿದ್ಯುತ್ ಗಾಡಿ ಬಂದರೆ ಎಲ್ಲವೂ ಸರಿಯಾಗುತ್ತದೆ ಎನ್ನುವವರಿದ್ದಾರೆ. ಹೊಗೆ ಕಡಿಮೆಯಾಗಬಹುದು, ಭಾರ, ಅಗಲ, ಸಾಲ ಮತ್ತು ಕಡಿದ ಧರೆ ಹಾಗೆಯೇ ಉಳಿಯುತ್ತವೆ.

ಬಸ್ಸು ಎಲ್ಲಿಗೆ ಹೋಯಿತು?

1991ರಲ್ಲಿ ಕೊಪ್ಪದಲ್ಲಿ ಕಾರ್ಮಿಕರೇ ಒಡೆಯರಾಗಿ ಕಟ್ಟಿದ ‘ಸಹಕಾರ ಸಾರಿಗೆ’ ಮಲೆನಾಡಿನ ಹೆಮ್ಮೆಯಾಗಿತ್ತು. ಶಾಲೆಯ ಮಕ್ಕಳು, ಕೂಲಿಯವರು, ಬಾಣಂತಿಯರು ಅದರಲ್ಲಿ ಹೋದರು. 2020ರ ಫೆಬ್ರುವರಿಯಲ್ಲಿ ಅದು ನಿಂತುಹೋಯಿತು. ನಷ್ಟಕ್ಕೆ ಕಾರಣಗಳು ಹಲವು. ಆದರೆ ಊರಿನಲ್ಲಿ ಮಾತಿಗೆ ಬೆಲೆಯಿರುವ ಮನೆಗಳು ಒಂದೊಂದಾಗಿ ಬಸ್ಸಿನಿಂದ ಇಳಿದು ಕಾರು ಹತ್ತಿದಾಗ, ಬಸ್ಸಿನ ಪರವಾಗಿ ತಹಶೀಲ್ದಾರರ ಮೇಜು ಕುಟ್ಟುವ ದನಿಯೂ ಇಳಿದುಹೋಯಿತು. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆ ಹೆಂಗಸರಿಗೆ ಉಚಿತ ಪ್ರಯಾಣ ಕೊಟ್ಟಿತು. ಸರಕಾರಿ ಬಸ್ಸೇ ಬಾರದ ನಮ್ಮ ಹಳ್ಳಿಗಳ ಹೆಂಗಸರಿಗೆ ಅದು ಪತ್ರಿಕೆಯಲ್ಲಿ ಓದುವ ಯೋಜನೆ.

ಪೆಟ್ರೋಲಿನ ದೃಷ್ಟಿಯಿಂದಲೂ ನೋಡಿ. ಇಬ್ಬರು ಕುಳಿತ ಕ್ರಾಸ್‌ಓವರ್ ಒಂದು ಲೀಟರಿನಲ್ಲಿ ಇಬ್ಬರನ್ನು 14 ಕಿಲೋಮೀಟರ್ ಒಯ್ಯುತ್ತದೆ. ಲೀಟರಿಗೆ 4 ಕಿಲೋಮೀಟರ್ ಓಡುವ ಬಸ್ಸು ಐವತ್ತು ಜನರನ್ನು ಆ 4 ಕಿಲೋಮೀಟರ್ ಒಯ್ಯುತ್ತದೆ. ಮೊದಲನೆಯದು ಒಬ್ಬನ 28 ಕಿಲೋಮೀಟರಿಗೆ ಸಮ, ಎರಡನೆಯದು 200ಕ್ಕೆ.

‘ಪೇಟೆಯವರು ಓಡಿಸಬಹುದು, ನಾವೇಕೆ ಓಡಿಸಬಾರದು?’ ಎಂದು ಯುವಕರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಊರಿನಲ್ಲಿ ಉಳಿದ ಹುಡುಗನಿಗೆ ಹೆಣ್ಣು ಸಿಗುತ್ತಿಲ್ಲ. ಹೆಣ್ಣಿನ ಕಡೆಯವರು ತೋಟಕ್ಕಿಂತ ಮೊದಲು ಅಂಗಳದ ಕಾರನ್ನು ನೋಡುತ್ತಾರೆ ಎಂಬ ನೋವು ಸುಳ್ಳಲ್ಲ. ಕೃಷಿಗೆ ಸಿಗದ ಗೌರವವನ್ನು ಕಂತಿನಲ್ಲಿ ಕೊಳ್ಳುವ ಪ್ರಯತ್ನವಿದು. ಆದರೆ ಸಾಲದಿಂದ ಬಂದ ಗೌರವ ಐದು ವರ್ಷಕ್ಕೆ ಅರ್ಧವಾಗುತ್ತದೆ. ಮದುವೆಯಾಗಿ ಬಂದ ಹೆಣ್ಣುಮಗಳಿಗೆ ದಿನವೂ ಬೇಕಾದದ್ದು, ಗಂಡನನ್ನು ಕೇಳದೆ ತಾನೇ ಹತ್ತಿ ಪೇಟೆಗೆ ಹೋಗಿಬರಬಹುದಾದ ಬಸ್ಸು.

ಏನು ಮಾಡಬಹುದು?

ನಾವು ಎತ್ತಿಕೊಂಡ 13 ಲಕ್ಷದ ಗಾಡಿಯಲ್ಲಿ ಶೇ 40ರ ಜಿಎಸ್‌ಟಿ ಸುಮಾರು 3.71 ಲಕ್ಷ ಅಡಗಿದೆ. ಜೀವಾವಧಿ ತೆರಿಗೆ ಸೇರಿದರೆ 6 ಲಕ್ಷ ಮೀರುತ್ತದೆ. ನಿಮ್ಮ ಊರಿನಲ್ಲಿ ಇಂಥ ಹತ್ತು ಗಾಡಿಗಳಿದ್ದರೆ ಅರವತ್ತು ಲಕ್ಷಕ್ಕೂ ಹೆಚ್ಚು ಹಣ ಸರಕಾರಗಳಿಗೆ ಹೋಗಿದೆ. ಕಾರಿರುವವರೇ ಇದನ್ನು ಹಿಡಿದು ಗ್ರಾಮಸಭೆಯಲ್ಲಿ ಎದ್ದು ನಿಲ್ಲಬೇಕು: ಇಷ್ಟು ಕೊಟ್ಟಿದ್ದೇವೆ, ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು ಎಲ್ಲಿ? ಠರಾವು ಬರೆಸಿ, ಪ್ರತಿ ಪಡೆದು, ಸಾರಿಗೆ ಸಂಸ್ಥೆಯ ವಿಭಾಗೀಯ ಕಚೇರಿಗೆ ತಲುಪಿಸಬೇಕು.

ಕೊಳ್ಳಲೇಬೇಕಾದವರು ಸಣ್ಣ ಕಾರಿಗೆ, ಸಾಧ್ಯವಾದರೆ ಚೆನ್ನಾಗಿ ಪರೀಕ್ಷಿಸಿದ ಹಳೆಯ ಕಾರಿಗೆ ಮನಸ್ಸು ಮಾಡಬೇಕು. ಇರುವ ಗಾಡಿಯನ್ನು ಹತ್ತು-ಹನ್ನೆರಡು ವರ್ಷ ಜೋಪಾನ ಮಾಡಬೇಕು. ಆಸ್ಪತ್ರೆಯ ತುರ್ತಿಗೆ ಕೇರಿಗೊಂದು ಬಾಡಿಗೆ ಜೀಪು ಸದಾ ಸಿಗುವಂತೆ ನಾಲ್ಕಾರು ಮನೆಯವರು ಸೇರಿ ಗೊತ್ತುಮಾಡಬಹುದು. ಮನೆಗೆ ದಾರಿ ಕಡಿಯುವ ಮೊದಲು ಮೇಲಿನ ನೀರಿಗೆ ಚರಂಡಿ ತೆಗೆಯಬೇಕು. ಧರೆಯನ್ನು ನೆಟ್ಟಗೆ ನಿಲ್ಲಿಸದೆ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಲಾವಂಚ ಹಚ್ಚಬೇಕು.

ವಿದ್ಯಾರ್ಥಿ ಮಿತ್ರರಿಗೊಂದು ಕೆಲಸ. ಮುಂದಿನ ಸಂತೆಯ ದಿನ ನಿಮ್ಮ ಊರಿನ ಕೂಡುರಸ್ತೆಯಲ್ಲಿ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಸರದಿಯಂತೆ ಕುಳಿತುಕೊಳ್ಳಿ. ಹಾದುಹೋದ ಕಾರುಗಳೆಷ್ಟು, ಅವುಗಳಲ್ಲಿದ್ದ ಜನರೆಷ್ಟು, ಬಸ್ಸಿಗಾಗಿ ಕಾದು ನಿಂತವರೆಷ್ಟು, ಎಷ್ಟು ಹೊತ್ತು ಕಾದರು ಎಂದು ಬರೆದಿಡಿ. ಆ ಹಾಳೆಯನ್ನು ಗ್ರಾಮಸಭೆಯ ಠರಾವಿಗೆ ಲಗತ್ತಿಸಿ, ಒಂದು ಪ್ರತಿಯನ್ನು ಈ ಪತ್ರಿಕೆಗೂ ಕಳುಹಿಸಿ. ಊರೂರಿನ ಅಂಕಿಗಳು ಒಟ್ಟಾದಾಗ ಅಧಿಕಾರಿಗಳ ಎದುರು ಇಡಲು ನಮ್ಮ ಬಳಿ ಅಳಲಿನ ಜೊತೆಗೆ ಆಧಾರವೂ ಇರುತ್ತದೆ.